ಶಾಲೆಯ ದೇಣಿಗೆಗಿಂತ ಮೊದಲು ರೈತನ ದರ: ಸಿರಿಧಾನ್ಯ ಉದ್ಯಮಕ್ಕೆ ಇಳಿಯುವವರಿಗೆ

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನವನು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಮರಳುತ್ತಿದ್ದೇನೆ. ಕೈಯಲ್ಲಿ 25 ಲಕ್ಷ ರೂಪಾಯಿ ಉಳಿತಾಯವಿದೆ. ಸುತ್ತಲಿನ ರೈತರಿಂದ ನವಣೆ, ಸಾಮೆ, ಕೊರಲೆ ಕೊಂಡು ಅಕ್ಕಿ ಮಾಡಿ ಮಾರುವ ಘಟಕ ಹಾಕಬೇಕು, ಊರಿನ ಹೆಣ್ಣುಮಕ್ಕಳಿಗೆ ಕೆಲಸ ಕೊಡಬೇಕು, ಲಾಭದ ಶೇಕಡ 10ರಷ್ಟನ್ನು ಸರ್ಕಾರಿ ಶಾಲೆಗೆ ಕೊಡಬೇಕು ಎಂಬ ಆಸೆಯಿದೆ. ಇದನ್ನು ಟ್ರಸ್ಟ್ ಆಗಿ ಮಾಡಲೇ, ಕಂಪನಿಯಾಗಿ ಮಾಡಲೇ, ರೈತ ಉತ್ಪಾದಕರ ಕಂಪನಿ ಕಟ್ಟಲೇ? ಇಂಥ ಉದ್ಯಮಗಳು ನಾಲ್ಕೈದು ವರ್ಷದಲ್ಲಿ ಮುಚ್ಚುವುದನ್ನು ಕಂಡಿದ್ದೇನೆ. ನನ್ನ ನಂತರವೂ ಇದು ಉಳಿಯಬೇಕಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಸಮಾಜದ ಮಾತು ಎರಡು ಕಡೆ ಬಂದಿದೆ, ಉದ್ಯೋಗ ಕೊಡುವಲ್ಲಿ ಒಮ್ಮೆ, ಶಾಲೆಗೆ ದೇಣಿಗೆ ಕೊಡುವಲ್ಲಿ ಇನ್ನೊಮ್ಮೆ. ಇವೆರಡರ ನಡುವೆ ಇರುವುದನ್ನು, ಅಂದರೆ ರೈತನಿಗೆ ಯಾವ ದರ, ಆ ಹಣ ಯಾವ ದಿನ, ಬೆಲೆ ಬಿದ್ದ ವರ್ಷದ ನಷ್ಟ ಯಾರ ತಲೆಗೆ ಎಂಬುದನ್ನು ನೀವು ಬರೆದಿಲ್ಲ. ನಾನು ಉತ್ತರವನ್ನು ಅಲ್ಲಿಂದಲೇ ಶುರುಮಾಡುತ್ತೇನೆ. ಒಂದು ಉದ್ಯಮ ಹೊಣೆಯರಿತು ನಡೆಯುತ್ತಿದೆಯೇ ಎಂಬುದು ಅದರ ಖರೀದಿ ಪುಸ್ತಕದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ದೇಣಿಗೆಯ ರಸೀದಿಯಲ್ಲಿ ಕಾಣುವುದಿಲ್ಲ. ಹಾಗೆಯೇ ಅದು ಬಹುಕಾಲ ಬಾಳುವುದೇ ಇಲ್ಲವೇ ಎಂಬುದೂ ಬಹುಮಟ್ಟಿಗೆ ಅದೇ ಪುಸ್ತಕದಲ್ಲಿ ನಿರ್ಧಾರವಾಗುತ್ತದೆ.

ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳನ್ನು ವಿವರಣೆಗಾಗಿ ಹಿಡಿದಿದ್ದೇನೆ; ನಿಮ್ಮ ಊರಿನ ಈ ವರ್ಷದ ದರವನ್ನು ನೀವೇ ಹಾಕಿಕೊಳ್ಳಿ. ಸುಗ್ಗಿಯಲ್ಲಿ 50 ಟನ್ ನವಣೆಯನ್ನು ಕಿಲೋಗೆ 35 ರೂಪಾಯಿಯಂತೆ ಕೊಂಡಿರಿ ಎಂದುಕೊಳ್ಳಿ, ಹದಿನೇಳೂವರೆ ಲಕ್ಷವಾಯಿತು. ಹೊಟ್ಟು, ನುಚ್ಚು, ಕಸ ಕಳೆದು ನೂರು ಕಿಲೋಗೆ ಅರವತ್ತು ಕಿಲೋ ಒಳ್ಳೆಯ ಅಕ್ಕಿ ಸಿಕ್ಕಿದರೆ ಕೈಗೆ ಬರುವುದು 30 ಟನ್. ಅಲ್ಲಿಗೆ ಒಂದು ಕಿಲೋ ಅಕ್ಕಿಯೊಳಗೆ ಕೂತಿರುವ ನವಣೆಯ ಬೆಲೆಯೇ 58 ರೂಪಾಯಿ. ಅದರ ಮೇಲೆ ಯಂತ್ರ, ವಿದ್ಯುತ್, ಕೂಲಿ ಸೇರಿ 10, ಪ್ಯಾಕಿಂಗ್‌ಗೆ 6, ಸಾಗಣೆಗೆ 4, ಬಡ್ಡಿಗೆ 3, ಯಂತ್ರದ ಸವಕಳಿಗೆ 3, ಹುಳು ಬಿದ್ದು ಅಂಗಡಿಯಿಂದ ವಾಪಸು ಬರುವ ಸರಕಿಗೆ 3, ಒಟ್ಟು 87 ರೂಪಾಯಿ. ಅಂಗಡಿಗೆ 95ಕ್ಕೆ ಕೊಟ್ಟರೆ ಉಳಿಯುವುದು ಕಿಲೋಗೆ 8 ರೂಪಾಯಿ, ವರ್ಷಕ್ಕೆ 2 ಲಕ್ಷ 40 ಸಾವಿರ. ನಿಮ್ಮ ಸಂಕಲ್ಪದಂತೆ ಶಾಲೆಗೆ ಹೋಗುವುದು 24 ಸಾವಿರ.

ಈಗ ಅದೇ 50 ಟನ್ ನವಣೆಗೆ ಮಂಡಿಗಿಂತ ಕಿಲೋಗೆ ಎರಡೇ ರೂಪಾಯಿ ಹೆಚ್ಚು ಕೊಟ್ಟರೆ ರೈತರ ಮನೆಗಳಿಗೆ ಹೋಗುವ ಹಣ ಒಂದು ಲಕ್ಷ, ಅಂದರೆ ದೇಣಿಗೆಯ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಕಿಲೋ ಅಕ್ಕಿಗೆ ಒಂದೂ ಮುಕ್ಕಾಲು ಕಿಲೋದ ಹತ್ತಿರ ನವಣೆ ಬೇಕಾಗುವುದರಿಂದ ಆ ಎರಡು ರೂಪಾಯಿ ಅಕ್ಕಿಯ ಮೇಲೆ ಮೂರೂಕಾಲು ರೂಪಾಯಿಯಾಗಿ ಬೀಳುತ್ತದೆ, ನಿಮ್ಮ ಎಂಟು ರೂಪಾಯಿ ಉಳಿಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಸಾಮಾಜಿಕ ಹೊಣೆಯ ನಿಜವಾದ ಬೆಲೆ ಇರುವುದು ಈ ಮೂರೂಕಾಲು ರೂಪಾಯಿಯಲ್ಲಿ. ಶಾಲೆಗೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಲಾಭ ಬಾರದ ವರ್ಷ ದೇಣಿಗೆ ತಾನಾಗಿಯೇ ನಿಂತುಹೋಗುತ್ತದೆ, ಆದರೆ ರೈತನಿಗೆ ಒಪ್ಪಿಕೊಂಡ ದರ ಆ ವರ್ಷವೂ ನಿಲ್ಲಬೇಕು, ಆದ್ದರಿಂದ ಮೊದಲು ಹಣ ಎತ್ತಿಡಬೇಕಾದದ್ದು ದರಕ್ಕೆ ಎಂದಷ್ಟೇ ಹೇಳುತ್ತಿದ್ದೇನೆ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಕೊರತೆಯಿದೆ, ನೀವು ಗಮನಿಸಿರಬಹುದು. ಅದರಲ್ಲಿ ನಿಮ್ಮ ಸಂಬಳ ಇಲ್ಲ. ತಿಂಗಳಿಗೆ 40 ಸಾವಿರ ಎಂದರೂ ವರ್ಷಕ್ಕೆ 4 ಲಕ್ಷ 80 ಸಾವಿರ. ಕಿಲೋಗೆ ಎಂಟು ರೂಪಾಯಿಯಂತೆ ಅಷ್ಟನ್ನು ಗಳಿಸಲು 60 ಟನ್ ಅಕ್ಕಿ ಮಾರಬೇಕು, ಅದಕ್ಕೆ 100 ಟನ್ ನವಣೆ ಕೊಳ್ಳಬೇಕು. ನೀವು ಕಂಡ ನಾಲ್ಕೈದು ವರ್ಷಕ್ಕೆ ಮುಚ್ಚಿದ ಉದ್ಯಮಗಳಲ್ಲಿ ಹಲವು, ನನ್ನ ಅನುಭವದಲ್ಲಿ, ಕಟ್ಟಿದವರ ಬಿಟ್ಟಿ ದುಡಿಮೆಯ ಮೇಲೆ ನಿಂತಿದ್ದವು. ಮೊದಮೊದಲು ಅದು ತ್ಯಾಗವೆಂದು ಹೆಮ್ಮೆಯೆನಿಸುತ್ತದೆ. ಮಕ್ಕಳ ಫೀಸು, ತಂದೆತಾಯಿಯ ಆಸ್ಪತ್ರೆಯ ಬಿಲ್ಲು ಬಂದಾಗ ಕಟ್ಟಿದವರು ಮತ್ತೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅವರ ಜಾಗಕ್ಕೆ ಸಂಬಳ ಕೊಟ್ಟು ಬೇರೊಬ್ಬರನ್ನು ತರುವಷ್ಟು ಉಳಿಕೆ ಲೆಕ್ಕದಲ್ಲಿ ಎಂದೂ ಇದ್ದಿರುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ನಿಮ್ಮ ಸಂಬಳವನ್ನು ಖರ್ಚಿನ ಪಟ್ಟಿಗೆ ಸೇರಿಸಿ. ಹಣವಿಲ್ಲದಿದ್ದರೆ ಬಾಕಿಯೆಂದು ಬರೆಯಿರಿ, ಆದರೆ ಬರೆಯದೆ ಬಿಡಬೇಡಿ.

ಇನ್ನು ಹಣ ಕೊಡುವ ದಿನದ ವಿಚಾರ. ನಿಮ್ಮ ಸೀಮೆಯಲ್ಲಿ ಮಳೆಯಾಶ್ರಿತ ಸಿರಿಧಾನ್ಯ ಕೊಯ್ಲಿಗೆ ಬರುವುದು ಹೆಚ್ಚುಕಡಿಮೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಆದರೆ ಗಿರಾಕಿ ಕೊಳ್ಳುವುದು ಹನ್ನೆರಡು ತಿಂಗಳೂ. ವರ್ಷದ ಸರಕಿಗೆ ಬೇಕಾದ ಹಣವನ್ನು ಮೂರು ನಾಲ್ಕು ತಿಂಗಳಲ್ಲಿ ಹೊರಗೆ ಹಾಕಿ, ಅದು ಚೂರುಚೂರಾಗಿ ಮರಳುವುದನ್ನು ಕಾಯಬೇಕು. ಇದರ ಜೊತೆಗೆ ನಗರದ ದೊಡ್ಡ ಅಂಗಡಿಗಳು ಮೂರು ತಿಂಗಳು ಬಿಟ್ಟು ಹಣ ಕೊಟ್ಟರೆ 30 ಟನ್ ಅಕ್ಕಿಯನ್ನು 95ರಂತೆ ಮಾರಿ ಬರುವ ನಿಮ್ಮ ಸುಮಾರು 28 ಲಕ್ಷದ ವಹಿವಾಟಿನಲ್ಲಿ ಯಾವ ಹೊತ್ತಿಗೂ 7 ಲಕ್ಷ ಅವರ ಬಳಿಯೇ ಇರುತ್ತದೆ. ಇಂಥ ಇಕ್ಕಟ್ಟಿನಲ್ಲಿ ಬಹುತೇಕ ಉದ್ಯಮಿಗಳು ಮಾಡುವುದೇನೆಂದರೆ ರೈತನಿಗೆ ‘ಯುಗಾದಿ ಕಳೆಯಲಿ’ ಎನ್ನುವುದು. ಅಲ್ಲಿಗೆ ಬಡ್ಡಿಯಿಲ್ಲದೆ ಉದ್ಯಮಕ್ಕೆ ಸಾಲ ಕೊಟ್ಟವನು ಆ ರೈತನೇ ಆದ. ಮಂಡಿಯ ದಲ್ಲಾಳಿಯನ್ನು ನಾವು ಎಷ್ಟೇ ಬೈದರೂ ಅವನು ಕೈಗೆ ನಗದು ಕೊಡುತ್ತಾನೆ, ಮಗಳ ಮದುವೆಗೆ ಮುಂಗಡವನ್ನೂ ಕೊಡುತ್ತಾನೆ. ನೀವು ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಾಲ್ಕು ತಿಂಗಳು ಕಾಯಿಸಿದರೆ ರೈತ ಮುಂದಿನ ವರ್ಷ ಅವನ ಬಳಿಗೇ ಹೋಗುತ್ತಾನೆ, ಹೋಗಬೇಕಾದದ್ದೂ ನ್ಯಾಯವೇ.

ಹೀಗಾಗಿ 25 ಲಕ್ಷದಲ್ಲಿ ಕಟ್ಟಡ, ಯಂತ್ರಗಳಿಗೆ 10 ಲಕ್ಷಕ್ಕಿಂತ ಹೆಚ್ಚು ಹಾಕಬೇಡಿ, ಉಳಿದದ್ದನ್ನು ದುಡಿಯುವ ಬಂಡವಾಳವಾಗಿ ಇಟ್ಟುಕೊಳ್ಳಿ, ಅದರ ಮೇಲೆ ಬ್ಯಾಂಕಿನಿಂದ ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಬಂದಾಗ ತುಂಬುವ) ಸಾಲ ಪಡೆಯಿರಿ. ಅಂಗಡಿಗಳ ಬಾಕಿಗೆ ಕಾನೂನಿನ ಆಸರೆಯೂ ಉಂಟು. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿದ ಕಿರು ಮತ್ತು ಸಣ್ಣ ಉತ್ಪಾದಕರಿಗೆ, ಇಂಥ ಉದ್ಯಮಗಳ ಅಭಿವೃದ್ಧಿಗೆಂದೇ ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಕೊಂಡವರು ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಸಣ್ಣವರು ಈ ದಾರಿ ಹಿಡಿಯುವುದು ಕಡಿಮೆ ಎಂಬುದೂ ನಿಜ. ಆದ್ದರಿಂದ ಒಬ್ಬನೇ ದೊಡ್ಡ ಗಿರಾಕಿಗೆ ವಹಿವಾಟಿನ ಕಾಲು ಭಾಗಕ್ಕಿಂತ ಹೆಚ್ಚು ಮಾರದಿರುವುದು ಕಾನೂನಿಗಿಂತ ಗಟ್ಟಿಯಾದ ರಕ್ಷಣೆ.

ಸರಕಿನ ಬಗ್ಗೆಯೂ ಒಂದು ಮಾತು. ಅಕ್ಕಿ ಮಾಡಿದ ಸಿರಿಧಾನ್ಯದಲ್ಲಿ ತೌಡಿನ ಎಣ್ಣೆಯಂಶ ಉಳಿಯುವುದರಿಂದ ಅದು ಬೇಗ ಕಮಟುತ್ತದೆ, ಆದರೆ ಸಿಪ್ಪೆಯೊಳಗಿನ ಕಾಳು ಒಣಗಿದ್ದರೆ ದೀರ್ಘಕಾಲ ಕೆಡದೆ ಇರುತ್ತದೆ. ಕಾಳಾಗಿ ಕೂಡಿಟ್ಟು ಆರ್ಡರ್ ಬಂದಷ್ಟನ್ನೇ ಅಕ್ಕಿ ಮಾಡಿಸಿದರೆ ವಾಪಸು ಬರುವ ಸರಕು ಅರ್ಧಕ್ಕೆ ಇಳಿದೀತು. ಇನ್ನೊಂದು ತೊಡಕು ಕಲ್ಲು. ಕಣ ಮಾಡುವ ಪದ್ಧತಿ ಕಡಿಮೆಯಾಗಿ ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವುದು ಈಗ ಸಾಮಾನ್ಯ. ಆ ಕಾಳಿನೊಂದಿಗೆ ಬರುವ ಸಣ್ಣ ಕಲ್ಲು ನವಣೆಯಷ್ಟೇ ಗಾತ್ರದ್ದಾದರೆ ಜರಡಿಯಲ್ಲಿ ನಿಲ್ಲುವುದಿಲ್ಲ, ತೂಕದ ವ್ಯತ್ಯಾಸದಿಂದ ಕಲ್ಲು ಬೇರ್ಪಡಿಸುವ ಯಂತ್ರ ಬೇಕಾಗುತ್ತದೆ. ಮಂಡಿಯಲ್ಲಾದರೆ ಇದನ್ನೇ ನೆಪ ಮಾಡಿ ಚೀಲಕ್ಕಿಷ್ಟು ಎಂದು ತೂಕ ಕಳೆಯುತ್ತಾರೆ. ನೀವು ಬೇಸಾಯಗಾರರಿಗೆ ಸುಗ್ಗಿಯ ತಿಂಗಳಲ್ಲಿ ದೊಡ್ಡ ಟಾರ್ಪಾಲುಗಳನ್ನು ಎರವಲು ಕೊಡಿ, ಕಲ್ಲಿಲ್ಲದ ಒಣಗಿದ ಕಾಳಿಗೆ ಹೆಚ್ಚುವರಿ ದರವನ್ನು ಮೊದಲೇ ಹಲಗೆಯ ಮೇಲೆ ಬರೆಯಿರಿ, ತಕ್ಕಡಿಯ ಅಂಕಿ ರೈತನ ಕಡೆಗೆ ಮುಖ ಮಾಡಿರಲಿ, ತೇವಾಂಶ ಅಳೆದ ಅಂಕಿಯನ್ನು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಿ. ನಾನು ಕಂಡಂತೆ ರೈತರು ದರದ ಚೌಕಾಸಿಯನ್ನು ಮರೆಯುತ್ತಾರೆ, ತೂಕದ ಮೋಸವನ್ನು ಮರೆಯುವುದಿಲ್ಲ.

ಹೆಣ್ಣುಮಕ್ಕಳ ಕೆಲಸದ ವಿಷಯಕ್ಕೆ ಬಂದರೆ ಲಿಜ್ಜತ್ ಪಾಪಡ್ ಸಂಸ್ಥೆಯನ್ನು ನೋಡುವುದು ಒಳ್ಳೆಯದು. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಶುರುಮಾಡಿದ ಈ ಸಂಸ್ಥೆ ದಾನ ಪಡೆಯುವುದಿಲ್ಲ ಎಂಬ ನಿಯಮ ಇಟ್ಟುಕೊಂಡು ಬೆಳೆಯಿತು. ಸದಸ್ಯೆಯರು ಶಾಖೆಯಿಂದ ಹಿಟ್ಟಿನ ಮುದ್ದೆ ಒಯ್ದು ಮನೆಯಲ್ಲಿ ಹಪ್ಪಳ ಲಟ್ಟಿಸಿ ಒಣಗಿಸಿ ತಂದುಕೊಡುತ್ತಾರೆ, ಲಟ್ಟಿಸಿದ್ದಕ್ಕೆ ಕೂಲಿ ಪಡೆಯುತ್ತಾರೆ, ಅದರ ಮೇಲೆ ಲಾಭದಲ್ಲೂ ಪಾಲುದಾರರಾಗಿರುತ್ತಾರೆ. ಅವರು ಆ ಸಂಸ್ಥೆಯ ಕೂಲಿಯಾಳುಗಳಲ್ಲ, ಒಡತಿಯರು. ನಿಮ್ಮ ಘಟಕದಲ್ಲಿ ಮೊದಲ ದಿನವೇ ಅಷ್ಟು ದೂರ ಹೋಗಬೇಕಿಲ್ಲ. ಆದರೆ ಕನಿಷ್ಠ ವೇತನ, ಹತ್ತು ಮಂದಿಯಾದಾಗ ಆರೋಗ್ಯ ವಿಮೆಯ ಇಎಸ್‌ಐ, ಇಪ್ಪತ್ತಾದಾಗ ಪಿಎಫ್, ಹತ್ತಾದಾಗಲೇ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಹೇಳುವ ಆಂತರಿಕ ಸಮಿತಿ, ಇವನ್ನು ತಪ್ಪಿಸಲು ಒಂಬತ್ತು ಮಂದಿಯನ್ನಷ್ಟೇ ಹಾಜರಿ ಪುಸ್ತಕದಲ್ಲಿ ತೋರಿಸುವ ಚಾಳಿಗೆ ಬೀಳಬೇಡಿ. ಹೊಟ್ಟಿನ ಧೂಳು ಹೀರುವ ವ್ಯವಸ್ಥೆಯನ್ನು ಯಂತ್ರದ ಜೊತೆಗೇ ಖರೀದಿಸಿ, ಮುಂದಿನ ವರ್ಷಕ್ಕೆ ಎಂದರೆ ಅದು ಬರುವುದೇ ಇಲ್ಲ.

ಇಷ್ಟಾದ ಮೇಲೆ ಟ್ರಸ್ಟೋ ಕಂಪನಿಯೋ ಎಂಬ ನಿಮ್ಮ ಪ್ರಶ್ನೆ. ಟ್ರಸ್ಟ್ ಬೇಡ. ಅದರಲ್ಲಿ ಪಾಲು ಬಂಡವಾಳ ತರಲು ದಾರಿಯಿಲ್ಲ, ಮತ್ತು ದಿನನಿತ್ಯದ ವ್ಯಾಪಾರ ಮಾಡುವ ಧರ್ಮದತ್ತಿಗೆ ಆದಾಯ ತೆರಿಗೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದೇ ಒಂದು ಕೆಲಸವಾಗುತ್ತದೆ. ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಸೇವೆಗೆಂದು ಕಟ್ಟುವ ಕಂಪನಿಯೂ ಲಾಭಾಂಶ ಹಂಚುವಂತಿಲ್ಲ. ತರಬೇತಿ, ಸಂಶೋಧನೆಗೆ ಅದು ಸರಿ, ಕಾಳು ಕೊಂಡು ಮಾರುವುದಕ್ಕೆ ಒಗ್ಗುವುದಿಲ್ಲ.

ರೈತ ಉತ್ಪಾದಕರ ಕಂಪನಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೈ.ಕೆ. ಅಲಘ್ ಸಮಿತಿಯ ಶಿಫಾರಸಿನ ಮೇಲೆ ಕಂಪನಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ ಈ ರೂಪ ಬಂತು. ಕನಿಷ್ಠ ಹತ್ತು ಮಂದಿ ಉತ್ಪಾದಕರು ಸೇರಿ ಕಟ್ಟಬಹುದು, ಐದು ಮಂದಿಯಾದರೂ ನಿರ್ದೇಶಕರಿರಬೇಕು, ವ್ಯಕ್ತಿಗಳೇ ಸದಸ್ಯರಾದಲ್ಲಿ ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ, ಷೇರನ್ನು ಹೊರಗಿನ ಹೂಡಿಕೆದಾರರಿಗೆ ಮಾರುವಂತಿಲ್ಲ. ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕ ಸದಸ್ಯನಲ್ಲದವನೇ ಆಗಿರಬೇಕೆಂದೂ ಕಾಯ್ದೆ ಹೇಳುತ್ತದೆ. ಅಂದರೆ ನೀವೇ ಮುಂದೆ ನಿಂತು ಇಂಥ ಕಂಪನಿ ಕಟ್ಟಿಸಿದರೆ ನೀವು ಅದರ ಮಾಲೀಕರಾಗುವುದಿಲ್ಲ, ಸಂಬಳದ ನೌಕರರಾಗುತ್ತೀರಿ, ಆಡಳಿತ ಮಂಡಳಿ ನಿಮ್ಮನ್ನು ತೆಗೆದುಹಾಕಲೂಬಹುದು. ಇದು ಒಪ್ಪಿಗೆಯಾದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ರೈತರು ತಾವಾಗಿ ಬಯಸದೆ, ಬರೀ ಯೋಜನೆಯ ಹಣಕ್ಕಾಗಿ ಕಟ್ಟಿದ ಎಷ್ಟೋ ಕಂಪನಿಗಳು ಬೋರ್ಡು ಮತ್ತು ಬೀಗದೊಂದಿಗೆ ನಿಂತಿವೆ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಹತ್ತು ಸಾವಿರ ಉತ್ಪಾದಕ ಸಂಘಟನೆಗಳ ಯೋಜನೆಯಡಿ ನಿಮ್ಮ ತಾಲ್ಲೂಕಿನಲ್ಲೋ ಪಕ್ಕದಲ್ಲೋ ಈಗಾಗಲೇ ಕಟ್ಟಿರುವಂಥದ್ದು ಇರುವ ಸಾಧ್ಯತೆ ಹೆಚ್ಚು. ಹೊಸದನ್ನು ಕಟ್ಟುವ ಮೊದಲು ಅದರ ಕಚೇರಿಗೆ ಹೋಗಿ, ಕಳೆದ ವರ್ಷದ ಲೆಕ್ಕ ಕೇಳಿ ನೋಡಿ.

ನನ್ನ ಸಲಹೆ ಇದು. ಮೊದಲು ಸಣ್ಣ ಖಾಸಗಿ ನಿಯಮಿತ ಕಂಪನಿ ಕಟ್ಟಿ. ನಿಮ್ಮ ಸಂಕಲ್ಪವನ್ನು ಕರಪತ್ರದಲ್ಲಿ ಬರೆಯುವ ಬದಲು ಕಂಪನಿಯ ನಿಬಂಧನಾವಳಿಯಲ್ಲಿ (ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಬರೆಯಿರಿ. 2013ರ ಕಂಪನಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೆಲವು ನಿಬಂಧನೆಗಳನ್ನು ಮುಕ್ಕಾಲು ಪಾಲು ಮತದ ವಿಶೇಷ ನಿರ್ಣಯವೊಂದರಿಂದಲೇ ಬದಲಿಸಲಾಗದಂತೆ, ಅದಕ್ಕಿಂತ ಕಠಿಣವಾದ ಷರತ್ತಿಗೆ ಒಳಪಡಿಸಿ ಬಿಗಿಮಾಡಬಹುದು. ಕಂಪನಿ ಕಟ್ಟುವಾಗಲೇ ಇದನ್ನು ಸೇರಿಸುವುದು ಸುಲಭ. ಸರಕು ಪಡೆದ ಏಳು ದಿನಗಳಲ್ಲಿ ರೈತನಿಗೆ ಹಣ, ಲಾಭದ ಇಂತಿಷ್ಟು ಭಾಗ ಮೀಸಲು ನಿಧಿಗೆ, ಅತಿ ಹೆಚ್ಚಿನ ಸಂಬಳ ಅತಿ ಕಡಿಮೆಯ ಸಂಬಳದ ಇಷ್ಟು ಪಟ್ಟು ಮೀರಬಾರದು, ಕಂಪನಿಯನ್ನು ಮಾರುವುದಾದರೆ ರೈತರ ಸಂಘಟನೆಗೆ ಮೊದಲ ಹಕ್ಕು, ಇಂಥ ನಾಲ್ಕೈದು ವಾಕ್ಯಗಳು ಸಾಕು. ಅದೇ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರು ಷೇರುದಾರರ ಹಿತದೊಂದಿಗೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ನೋಡಬೇಕೆಂದು ಹೇಳುತ್ತದೆ ಎಂಬುದು ನಮ್ಮಲ್ಲಿ ಅನೇಕ ನಿರ್ದೇಶಕರಿಗೇ ತಿಳಿದಿಲ್ಲ. ಖಾಸಗಿ ಕಂಪನಿಗೆ 200 ಸದಸ್ಯರ ಮಿತಿಯಿರುವುದರಿಂದ ಎಲ್ಲ ರೈತರನ್ನೂ ನೇರವಾಗಿ ಷೇರುದಾರರನ್ನಾಗಿ ಮಾಡಲಾಗದು. ಮೂರು ವರ್ಷ ವ್ಯವಹಾರ ನಡೆದು ಪರಸ್ಪರ ನಂಬಿಕೆ ಬಂದ ಮೇಲೆ ಅವರ ಉತ್ಪಾದಕರ ಕಂಪನಿಗೇ ನಿಮ್ಮಲ್ಲಿ ಪಾಲು ಕೊಡುವ ಏರ್ಪಾಡನ್ನು ಲೆಕ್ಕ ಪರಿಶೋಧಕರೊಂದಿಗೆ ಕೂತು ಯೋಚಿಸಿ.

ಕೆಟ್ಟ ವರ್ಷದಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಕರಾವಳಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ನಮ್ಮ ಮುಂದಿರುವ ಒಳ್ಳೆಯ ಉದಾಹರಣೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದ ಹೊತ್ತಿನಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಅದು ಹುಟ್ಟಿತು. ಮುಂದೆ 1980ರ ಸುಮಾರಿಗೆ ಕೋಕೋ ಬೆಲೆ ಬಿದ್ದು, ಅಡಿಕೆ ತೋಟದ ನಡುವೆ ಕೋಕೋ ಹಾಕಿದ್ದ ರೈತರ ಹಣ್ಣನ್ನು ಕೇಳುವವರಿಲ್ಲದಾದಾಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಕೊಂಡ ಬೀಜಕ್ಕೆ ಶಾಶ್ವತ ಮಾರುಕಟ್ಟೆ ಬೇಕೆಂದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಲೆ ಬಿದ್ದಾಗ ಹಿಂದೆ ಸರಿಯದ ಖರೀದಿದಾರನ ಬಳಿಗೆ ಬೆಲೆ ಏರಿದಾಗಲೂ ಸರಕು ಬರುತ್ತದೆ. ಐವತ್ತು ವರ್ಷ ದಾಟಿದ ಆ ಸಂಸ್ಥೆಯ ಬಾಳಿಕೆಯಲ್ಲಿ ಇದರ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದಾಗ ಈ ವ್ಯಾಪಾರಕ್ಕೆ ನುಗ್ಗಿದವರೆಲ್ಲ ಬೇಡಿಕೆ ತಗ್ಗಿದ ವರ್ಷವೂ ಖರೀದಿ ಕೇಂದ್ರದ ಬಾಗಿಲು ತೆರೆದಿಡುವುದಿಲ್ಲ. ಅಂಥ ವರ್ಷಕ್ಕಾಗಿ ಆರು ತಿಂಗಳ ಖರ್ಚಿನಷ್ಟಾದರೂ ಮೀಸಲು ನಿಧಿ ಕೂಡುವವರೆಗೆ ಲಾಭಾಂಶದ ಯೋಚನೆ ಬೇಡ.

ಹೊರಗಿನ ಹೂಡಿಕೆಯ ವಿಷಯವನ್ನು ನೀವು ಕೇಳಿಲ್ಲ, ಆದರೆ ನಾಲ್ಕನೆಯ ವರ್ಷ ಯಾರಾದರೂ ಬಂದೇ ಬರುತ್ತಾರೆ. ಸಾಮಾನ್ಯವಾಗಿ ಹೂಡಿಕೆ ನಿಧಿಗಳಿಗೇ ಎಂಟು ಹತ್ತು ವರ್ಷಗಳ ಆಯುಷ್ಯ. ಅಷ್ಟರೊಳಗೆ ಪಾಲು ಮಾರಿ ಹೊರಡಬೇಕಾದವರು ನಿಮ್ಮ ಮೂವತ್ತು ವರ್ಷದ ಯೋಚನೆಗೆ ಜೊತೆಯಾಗುವುದು ಕಷ್ಟ. ಬಡ ಮಹಿಳೆಯರಿಗೆ ಸಾಲ ಕೊಡಲೆಂದು 1997ರಲ್ಲಿ ಸ್ವಯಂಸೇವಾ ಸಂಸ್ಥೆಯಾಗಿ ಹುಟ್ಟಿದ ಎಸ್‌ಕೆಎಸ್, ಲಾಭದ ಕಂಪನಿಯಾಗಿ ವೇಗವಾಗಿ ಬೆಳೆದು 2010ರ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಗೆ ಬಂತು. ಅದೇ ಅಕ್ಟೋಬರ್‌ನಲ್ಲಿ, ಕಿರುಸಾಲ ಕ್ಷೇತ್ರದ ವಸೂಲಿ ಒತ್ತಡದಿಂದ ಆತ್ಮಹತ್ಯೆಗಳಾದವೆಂಬ ಆರೋಪಗಳ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆ ರಾಜ್ಯದಲ್ಲಿ ಇಡೀ ಕ್ಷೇತ್ರವೇ ನೆಲಕಚ್ಚಿತು. ಇದಕ್ಕೆ ಬೇರೆಯಾದ ದಾರಿ ಹಿಡಿದದ್ದು 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ಜೊತೆಗಾರರೊಂದಿಗೆ ಕಟ್ಟಿದ ಸೆಲ್ಕೋ. ಬಡವರ ಮನೆಗೆ ಸೌರದೀಪ ಮುಟ್ಟಿಸಲು ಅವರು ದೀಪವನ್ನು ಅಗ್ಗ ಮಾಡುವುದಕ್ಕಿಂತ ಗ್ರಾಮೀಣ ಬ್ಯಾಂಕುಗಳಿಂದ ಗಿರಾಕಿಯ ಸಂಪಾದನೆಯ ಲಯಕ್ಕೆ ಹೊಂದುವ ಸಾಲ ಕೊಡಿಸುವುದಕ್ಕೆ ಹೆಚ್ಚು ಶ್ರಮಪಟ್ಟರು. 2000ರ ದಶಕದ ನಡುವೆ ಸೌರ ಫಲಕದ ಬೆಲೆ ಜಗತ್ತಿನಾದ್ಯಂತ ಏರಿ ಕಂಪನಿ ನಷ್ಟಕ್ಕೆ ಸಿಕ್ಕಿದಾಗ, ಅವಸರದ ಲಾಭ ಕೇಳದ ಹೂಡಿಕೆದಾರರೊಂದಿಗೆ ಮತ್ತೆ ಎದ್ದು ನಿಂತರು.

ಸಬ್ಸಿಡಿಯ ಬಗ್ಗೆ ಚುಟುಕಾಗಿ: ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರ ಶೇಕಡ 35ರ ಸಹಾಯಧನ ಇಟ್ಟಿತ್ತು, ಕರ್ನಾಟಕ ಅದಕ್ಕೆ ತನ್ನದೂ ಸೇರಿಸಿ ಅರ್ಧಕ್ಕೆ ಏರಿಸಿತ್ತು. ಈ ವರ್ಷದ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಸಿಕ್ಕರೆ ಬಳಸಿಕೊಳ್ಳಿ. ಆದರೆ ಸಬ್ಸಿಡಿಯಿಲ್ಲದೆ ಲೆಕ್ಕ ಕೂಡದ ಯಂತ್ರವನ್ನು ಸಬ್ಸಿಡಿ ಸಿಗುತ್ತದೆಂದು ಕೊಳ್ಳಬೇಡಿ.

ನೀವು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಕೆಲಸ ಬಿಡುವ ಮೊದಲು, ಕಂಪನಿ ನೋಂದಣಿಗೂ ಮೊದಲು, ಈ ಸುಗ್ಗಿಯಲ್ಲಿ ಪರಿಚಯದ ಹತ್ತು ಮಂದಿ ರೈತರಿಂದ ಐದು ಟನ್ ನವಣೆ ಕೊಳ್ಳಿ. ಏಳು ದಿನಗಳಲ್ಲಿ ಅವರ ಖಾತೆಗೆ ಹಣ ಹಾಕಿ. ಬಾಡಿಗೆಗೆ ಅಕ್ಕಿ ಮಾಡಿಕೊಡುವ, ಪರವಾನಗಿಯಿರುವ ಘಟಕದಲ್ಲಿ ತಿಂಗಳಿಗಿಷ್ಟು ಎಂದು ಅಕ್ಕಿ ಮಾಡಿಸಿ, ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು ಮಾರಿ ನೋಡಿ. ನೂರು ಕಿಲೋಗೆ ಎಷ್ಟು ಅಕ್ಕಿ ಬಂತು, ಎಷ್ಟು ಸರಕು ವಾಪಸು ಬಂತು, ಯಾವ ಅಂಗಡಿ ಎಷ್ಟು ದಿನಕ್ಕೆ ಹಣ ಕೊಟ್ಟಿತು ಎಂಬ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಅವನ್ನು ಮೇಲಿನ ಲೆಕ್ಕದಲ್ಲಿ ನನ್ನ ಅಂಕಿಗಳ ಜಾಗಕ್ಕೆ ಹಾಕಿದಾಗ, ನಿಮ್ಮ ಸಂಬಳವೂ ರೈತನ ಎರಡು ರೂಪಾಯಿಯೂ ಒಟ್ಟಿಗೆ ಹಿಡಿಯುವುದಾದರೆ ಯಂತ್ರಕ್ಕೆ ಆರ್ಡರ್ ಕೊಡಿ. ಹಿಡಿಯದಿದ್ದರೆ ಮಾರುವ ದರವನ್ನೋ ಮಾರುವ ಜಾಗವನ್ನೋ ಬದಲಿಸಿ ಇನ್ನೊಂದು ಸುಗ್ಗಿ ನೋಡಿ.